ಕೊಡಗಲ್ಲಿ ಕೂತು ಬಿಯರ್ ಮಾಡೋರಿಗೆ ಜೊತೆ ಸಿಗೋದೆಲ್ಲಿ, ಸ್ಪರ್ಧೆಗೆ ಹೋಗೋದು ಹೇಗೆ

ಬಿಯರ್ ಮಾಡೋದು ಕಲಿಯೋಕೆ ಎರಡು ವಿಡಿಯೋ, ಒಂದು ದೊಡ್ಡ ಪಾತ್ರೆ, ಸ್ವಲ್ಪ ತಾಳ್ಮೆ ಇದ್ರೆ ಸಾಕು. ಆದ್ರೆ ಮಾಡಿದ್ದು ಹೇಗಾಗಿದೆ ಅಂತ ಗೊತ್ತಾಗೋಕೆ ಇನ್ನೊಬ್ರ ನಾಲಿಗೆ ಬೇಕೇ ಬೇಕು. ನಾನು ಸುಂಟಿಕೊಪ್ಪ ಕಡೆಯವನು, ಕೆಲವು ವರ್ಷ ಬೆಂಗಳೂರಲ್ಲಿ ಕೆಲಸ ಮಾಡ್ತಾ ಇದ್ದಾಗ ಈ ಹುಚ್ಚು ಹಿಡೀತು, ಅಲ್ಲಿ ಗೆಳೆಯರ ಗುಂಪು ಇತ್ತು, ತೋಟ ನೋಡ್ಕೊಳ್ಳೋಕೆ ಊರಿಗೆ ವಾಪಸ್ ಬಂದ್ಮೇಲೆ ಒಬ್ನೇ ಆಗ್ಬಿಟ್ಟೆ. ಮನೆಯವ್ರಿಗೆ ಕೊಟ್ರೆ "ಚೆನ್ನಾಗಿದೆ" ಅಂತಾರೆ, ನೆಂಟರಿಗೆ ಕೊಟ್ರೆ "ಸೂಪರ್" ಅಂತಾರೆ, ಆ ಎರಡು ಮಾತಲ್ಲಿ ಕಲಿಯೋಕೆ ಏನೂ ಇಲ್ಲ. ಒಂದೂವರೆ ವರ್ಷ ಒಂದೇ ತಪ್ಪನ್ನ ಮಾಡ್ತಾನೇ ಇದ್ದೆ, ಊರಲ್ಲಿ ಯಾರೂ ಹೇಳ್ಲಿಲ್ಲ. ಹಂಗಾಗಿ ಇದನ್ನ ಬರೀತಾ ಇದೀನಿ, ಮಡಿಕೇರಿಲೋ ಗೋಣಿಕೊಪ್ಪದಲ್ಲೋ ನಾಪೋಕ್ಲಲ್ಲೋ ಒಬ್ರೇ ಕೂತು ಏರ್‌ಲಾಕ್ (ಹುದುಗೋ ಪಾತ್ರೆಯ ಗ್ಯಾಸ್ ಹೊರಗೆ ಬಿಡೋ ಮುಚ್ಚಳ) ಗುಳುಗುಳು ಅನ್ನೋದನ್ನ ಕೇಳ್ತಾ ಇರೋರಿಗೆ.

ಮೊದ್ಲು ಕಾನೂನಿನ ಮಾತು, ಇದನ್ನ ಬಿಟ್ಟು ಮುಂದಕ್ಕೆ ಹೋಗೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ದೆ ಮದ್ಯ ತಯಾರು ಮಾಡೋದು, ಸಾಗಿಸೋದು, ಮಾರೋದು ಅದ್ರ ಪ್ರಕಾರ ಅಪರಾಧ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ, ಅದೇ ಥರ ಬಿಯರಿಗೂ ಏನೋ ಇರ್ಬಹುದು ಅಂತ ಅಂದ್ಕೊಂಡು ಶುರು ಮಾಡ್ಬೇಡಿ. ಮನೆ ವೈನ್ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರ್ತಾರಲ್ಲ ಅಂತ ಧೈರ್ಯ ತಗೊಳ್ಳೋದೂ ಬೇಡ. ಹತ್ರದ ಅಬಕಾರಿ ಕಚೇರಿಗೆ ಹೋಗಿ ನೇರವಾಗಿ ಕೇಳಿ, ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಲೈಸೆನ್ಸ್ ಇರೋ ಮೈಕ್ರೋಬ್ರೂವರಿ (ತಾವೇ ಬಿಯರ್ ಮಾಡಿ ಬಡಿಸೋ ಪಬ್) ಜೊತೆ ಸೇರಿ, ಅವ್ರ ಜಾಗದಲ್ಲೇ ಬ್ರೂ ಡೇ, ಅಂದ್ರೆ ಬಿಯರ್ ತಯಾರಿಸೋ ದಿನ, ಮಾಡೋದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ಏನೇ ಆದ್ರೂ ಒಂದು ಬಾಟಲ್ ಕೂಡ ದುಡ್ಡಿಗೆ ಕೊಡ್ಬೇಡಿ, ಹೋಂಸ್ಟೇ ಗೆಸ್ಟ್ ಎಷ್ಟೇ ಕೇಳಿದ್ರೂ ಬೇಡ. ಬೇರೆ ದೇಶಗಳಲ್ಲೂ ಇದು ಯಾವಾಗ್ಲೂ ಸಲೀಸಾಗಿ ಇರ್ಲಿಲ್ಲ. ಬ್ರಿಟನ್‌ನಲ್ಲಿ 1963ರ ತನಕ ಮನೇಲಿ ಬಿಯರ್ ಮಾಡೋಕೆ ಲೈಸೆನ್ಸ್ ಬೇಕಿತ್ತು, ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ಮೇಲೇನೇ ಅಲ್ಲಿನ ಕೇಂದ್ರ ಕಾನೂನು ಅದನ್ನ ಒಪ್ಪಿದ್ದು. ಅದೇ ವರ್ಷ ಚಾರ್ಲಿ ಪಪಾಜಿಯನ್, ಚಾರ್ಲಿ ಮ್ಯಾಟ್ಜೆನ್ ಅನ್ನೋ ಇಬ್ರು ಕೊಲರಾಡೋದ ಬೋಲ್ಡರ್‌ನಲ್ಲಿ ಅಮೆರಿಕನ್ ಹೋಂಬ್ರೂವರ್ಸ್ ಅಸೋಸಿಯೇಷನ್ (ಮನೇಲಿ ಬಿಯರ್ ಮಾಡೋರ ಸಂಘ) ಶುರು ಮಾಡಿದ್ರು, ಮರುವರ್ಷನೇ ಅವ್ರ ರಾಷ್ಟ್ರೀಯ ಸ್ಪರ್ಧೆ ಆರಂಭ ಆಯ್ತು. ಕಾನೂನು ಸಡಿಲ ಆದ ಕೂಡ್ಲೇ ಜನ ಮೊದ್ಲು ಮಾಡಿದ ಕೆಲಸಗಳಲ್ಲಿ ಒಂದು, ಒಬ್ರು ಮಾಡಿದ್ದನ್ನ ಇನ್ನೊಬ್ರು ಕುಡಿದು ನೋಡೋದು.

ಈಗ ಜನ ಎಲ್ಲಿ ಸಿಗ್ತಾರೆ ಅನ್ನೋದು. ನಾನು ಮಾಡಿದ ತಪ್ಪು ಏನಂದ್ರೆ ಬಿಯರ್ ಮಾಡೋರನ್ನೇ ಹುಡುಕ್ತಾ ಕೂತಿದ್ದು. ಕೊಡಗಲ್ಲಿ ಹಾಗೆ ಹುಡುಕಿದ್ರೆ ತಾಲೂಕಿಗೆ ಒಬ್ರು ಸಿಕ್ರೂ ಪುಣ್ಯ. ಹುಡುಕ್ಬೇಕಾಗಿರೋದು ಎರಡು ಥರದ ಜನ, ಯೀಸ್ಟ್ ಗೊತ್ತಿರೋರು ಮತ್ತೆ ರುಚಿ ಗೊತ್ತಿರೋರು. ಈ ಎರಡೂ ಥರದವ್ರು ನಮ್ಮಲ್ಲಿ ಮನೆ ಮನೆಗೂ ಇದ್ದಾರೆ.

ಯೀಸ್ಟ್ ಗೊತ್ತಿರೋರು ಅಂದ್ರೆ ಮನೆ ವೈನ್ ಮಾಡೋ ಅಮ್ಮಂದಿರು, ಅಜ್ಜಿಯರು. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್, ಭರಣಿಗೆ ಹಾಕಿ ಬಟ್ಟೆ ಕಟ್ಟಿ ಇಡೋರು. ಅವ್ರಿಗೆ ದ್ರವದ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಗೊತ್ತಿಲ್ದೆ ಇರ್ಬಹುದು, ಆದ್ರೆ ಭರಣಿ ಹತ್ರ ಮೂಗು ತಂದು "ಇದು ಇನ್ನೂ ಕೆಲಸ ಮಾಡ್ತಾ ಇದೆ, ಮುಚ್ಬೇಡ" ಅಂತ ಹೇಳೋ ಅನುಭವ ಇದೆ. ನಮ್ಮ ಪಕ್ಕದ ತೋಟದ ಆಂಟಿ ಒಬ್ರು ಮೂವತ್ತು ವರ್ಷದಿಂದ ವೈನ್ ಮಾಡ್ತಾರೆ, ಪಾತ್ರೆ ಶುಚಿ ವಿಚಾರದಲ್ಲಿ ಅವ್ರು ನನಗೆ ಬೈದಷ್ಟು ಯಾರೂ ಬೈದಿಲ್ಲ, ನನ್ನ ಬ್ಯಾಚ್ ಹುಳಿ ಬರೋದು ನಿಂತಿದ್ದು ಆ ಬೈಗುಳದಿಂದ. ಅವ್ರಿಗೆ ಹೇಳ್ಬೇಕಾಗಿರೋದು ಒಂದೇ, ಬಿಯರ್ ಬಾಟಲಿಯೊಳಗೆ ಗ್ಯಾಸ್ ಬೇಕು, ಹಂಗಾಗಿ ಸಕ್ಕರೆ ಕಣ್ಣಂದಾಜಲ್ಲಿ ಹಾಕೋ ಹಾಗಿಲ್ಲ, ಲೀಟರಿಗೆ ಆರೇಳು ಗ್ರಾಂ ತೂಕ ಮಾಡಿ ಹಾಕ್ಬೇಕು. ಅದೂ ಹುದುಗು ಪೂರ್ತಿ ಮುಗಿದ್ಮೇಲೆ, ಇಲ್ಲಾಂದ್ರೆ ಗಾಜು ಸಿಡಿಯುತ್ತೆ.

ರುಚಿ ಗೊತ್ತಿರೋರು ಅಂದ್ರೆ ಕಾಫಿ ಕಪ್ಪಿಂಗ್ ಮಾಡೋರು, ಅಂದ್ರೆ ಕಾಫಿನ ಚಮಚದಲ್ಲಿ ಹೀರಿ ಗುಣ ಪರೀಕ್ಷೆ ಮಾಡೋರು. ಇದನ್ನ ನಾನು ದೊಡ್ಡದಾಗಿ ಹೇಳ್ತೀನಿ ಯಾಕಂದ್ರೆ ಬೇರೆ ಊರಿನ ಬ್ರೂವರ್‌ಗಳಿಗೆ ಇಲ್ಲದ ಭಾಗ್ಯ ಇದು. ಕಾಫಿ ಬೀಜ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡಿದೋರು, ತಮ್ಮ ತೋಟದ್ದೇ ಕಾಫಿ ಹುರಿದು ಬ್ರ್ಯಾಂಡ್ ಮಾಡಿರೋ ಹುಡುಗ ಹುಡುಗಿಯರು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಕಡೆ ಓಡಾಡ್ಕೊಂಡು ಇರೋ ಬೆಳೆಗಾರರು, ಇವ್ರಲ್ಲಿ ಎಷ್ಟೋ ಜನಕ್ಕೆ ಒಂದು ಕಪ್‌ನಲ್ಲಿ ಏನು ಕೆಟ್ಟಿದೆ, ಯಾವ ಹಂತದಲ್ಲಿ ಕೆಟ್ಟಿದೆ ಅಂತ ಹೇಳೋ ಅಭ್ಯಾಸ ಇದೆ. ಒಂದು ಸ್ಟಿಂಕರ್ (ಕೊಳೆತು ನಾರೋ) ಬೀಜ ಇಡೀ ಕಪ್ ಕೆಡ್ಸುತ್ತೆ ಅನ್ನೋದನ್ನ ಮೂಗಲ್ಲೇ ಹಿಡಿಯೋರಿಗೆ ಬಿಯರ್‌ನ ತಪ್ಪು ಹಿಡಿಯೋದು ಎರಡು ತಿಂಗಳ ಕಲಿಕೆ, ಅಷ್ಟೇ.

ನನಗೆ ಆದದ್ದು ಹೀಗೆ. ಒಂದು ಜುಲೈ ಭಾನುವಾರ, ಹೊರಗೆ ಮಳೆ ಹೆಂಚಿನ ಮೇಲೆ ಒಂದೇ ಸಮ ಸುರೀತಾ ಇತ್ತು, ಕರೆಂಟ್ ಇಲ್ಲ, ಕ್ಯೂರಿಂಗ್ ವರ್ಕ್ಸ್‌ನಿಂದ ರಿಟೈರ್ ಆದ ಒಬ್ರು ಅಂಕಲ್ ಮನೆಗೆ ಬಂದಿದ್ರು. ನನ್ನ ಕಾಫಿ ಸ್ಟೌಟ್ (ಕಾಫಿ ಹಾಕಿದ ಕಪ್ಪು ಬಿಯರ್) ಒಂದು ಗ್ಲಾಸ್ ಕೊಟ್ಟೆ. ಅವ್ರು ಕುಡೀಲೇ ಇಲ್ಲ, ಒಂದು ಚಮಚ ಕೇಳಿದ್ರು. ಚಮಚದಲ್ಲಿ ತಗೊಂಡು ಕಪ್ಪಿಂಗ್ ಟೇಬಲ್‌ನಲ್ಲಿ ಮಾಡೋ ಹಾಗೆ ಸೊರ್ರ್ ಅಂತ ಎಳೆದು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಕೊಂಡು, ಇನ್ನೊಂದ್ಸಲ ಎಳೆದು, "ಬೆಣ್ಣೆ ಹಾಕಿದ್ದೀಯಾ?" ಅಂದ್ರು. ಇಲ್ಲ ಅಂಕಲ್ ಅಂದೆ. "ಹಾಗಾದ್ರೆ ಬೆಣ್ಣೆ ಎಲ್ಲಿಂದ ಬಂತು, ಕಾಫಿ ಹಿಂದೆ ಕೂತಿದೆ ನೋಡು, ನುಂಗಿದ್ಮೇಲೆ ನಾಲಿಗೆ ಜಾರ್ತಾ ಇದೆ." ಅದು ಡೈಅಸಿಟೈಲ್, ಹುದುಗೋವಾಗ ಹುಟ್ಟೋ ಬೆಣ್ಣೆ ವಾಸನೆಯ ವಸ್ತು, ಯೀಸ್ಟ್ ಕೆಲಸ ಮುಗಿಸೋಕೆ ಮುಂಚೆನೇ ನಾನು ಬಾಟಲ್ ಮಾಡ್ತಾ ಇದ್ದೆ. ಒಂದೂವರೆ ವರ್ಷದ ತಪ್ಪು ಒಂದು ಚಮಚದಲ್ಲಿ ಸಿಕ್ತು. ಅದಾದ್ಮೇಲೆ ಪ್ರತಿ ಬ್ಯಾಚ್‌ನಲ್ಲೂ ಒಂದು ಟೆಸ್ಟ್ ಮಾಡ್ತೀನಿ, ನೀವೂ ಮಾಡಿ: ಎರಡು ಸಣ್ಣ ಗ್ಲಾಸ್‌ನಲ್ಲಿ ಬಿಯರ್ ತಗೊಂಡು ಮುಚ್ಚಿ, ಒಂದನ್ನ 60 ಡಿಗ್ರಿ ಆಸುಪಾಸಿನ ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ತಣ್ಣಗೆ ಮಾಡಿ ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದ್ರೆ ಯೀಸ್ಟ್‌ಗೆ ಇನ್ನೂ ಎರಡು ಮೂರು ದಿನ ಕೊಡಿ, ಜಾಗ ಸ್ವಲ್ಪ ಬೆಚ್ಚಗಿರ್ಲಿ.

ಮೂರು ಜನ ಸಿಕ್ಕಿದ್ರೆ ಗುಂಪು ಆಯ್ತು ಅಂತ ಅಂದ್ಕೊಳ್ಳಿ, ಹೆಸರು, ಲೋಗೋ, ಟೀಶರ್ಟ್ ಯಾವ್ದೂ ಬೇಡ. ಕೊಡವ ಹಾಕಿ ಹಬ್ಬ ನೋಡಿ, 1997ರಲ್ಲಿ ಕರಡದಲ್ಲಿ ಪಾಂಡಂಡ ಒಕ್ಕದವ್ರು (ಒಕ್ಕ ಅಂದ್ರೆ ಕೊಡವ ಮನೆತನ) ಶುರು ಮಾಡಿದ್ದು, ಆಮೇಲೆ ಒಂದೊಂದು ವರ್ಷ ಒಂದೊಂದು ಒಕ್ಕ ನಡೆಸ್ಕೊಂಡು ಬಂತು, ಹಂಗಾಗಿ ಯಾರೊಬ್ರ ತಲೆ ಮೇಲೂ ಭಾರ ಬೀಳ್ಲಿಲ್ಲ. ನಾವೂ ಅದನ್ನೇ ಮಾಡ್ಕೊಂಡಿದೀವಿ, ಒಂದೊಂದು ತಿಂಗಳು ಒಂದೊಂದು ಮನೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಲು, ಯಾರಿಗೂ ಪುರ್ಸೊತ್ತು ಇರಲ್ಲ, ಆಗ ಸೇರೋಣ ಅಂತ ಒತ್ತಾಯ ಮಾಡಿದ್ರೆ ಗುಂಪೇ ಒಡೆದುಹೋಗುತ್ತೆ. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಕಾಲ, ಮಳೇಲಿ ತೋಟಕ್ಕೆ ಇಳಿಯೋಕಾಗಲ್ಲ, ಮನೆಯೊಳಗೆ ತಂಪು, ನಮ್ಮ ಸ್ಟೋರ್ ರೂಮಲ್ಲಿ 20 ಡಿಗ್ರಿ ಆಸುಪಾಸು ಇರುತ್ತೆ, ಏಲ್ ಅನ್ನೋ ಬಗೆಯ ಬಿಯರ್ ಮಾಡೋ ಯೀಸ್ಟ್‌ಗೆ ಬೇಕಾಗಿರೋದೇ ಅದು. ಬೆಂಗಳೂರಿನವ್ರು ಇದಕ್ಕೋಸ್ಕರ ಹಳೇ ಫ್ರಿಜ್‌ಗೆ ಉಷ್ಣತೆ ಕಂಟ್ರೋಲರ್ ಹಾಕ್ತಾರೆ.

ಸೇರೋದು ಮಧ್ಯಾಹ್ನ ಇಟ್ಕೊಳ್ಳಿ, ಸಂಜೆ ಐದಕ್ಕೆ ಮುಗಿಸಿ. ಸಿದ್ದಾಪುರ, ಅಮ್ಮತ್ತಿ ಕಡೆ ಕತ್ತಲಾದ್ಮೇಲೆ ರಸ್ತೇಲಿ ಆನೆ ಇರುತ್ತೆ, ಅದು ಎಲ್ರಿಗೂ ಗೊತ್ತು. ಗಾಡಿ ಓಡ್ಸೋರು ಕುಡಿಯೋದು ಬೇಡ, ಮೂಸಿ ನೋಡಿ ಬರೆದ್ರೂ ಸಾಕು, ಹತ್ರ ಹತ್ರ ಕಾಲು ಭಾಗ ಅಂಕ ಮೂಗಲ್ಲೇ ಇದೆ. ಇಲ್ಲಾಂದ್ರೆ ಅಲ್ಲೇ ಉಳ್ಕೊಳ್ಳಿ.

ಸೇರಿದಾಗ ಏನು ಮಾಡ್ಬೇಕು ಅನ್ನೋದು ಮುಖ್ಯ, ಇಲ್ಲಾಂದ್ರೆ ಅದು ಬರೀ ಪಾರ್ಟಿ ಆಗ್ಬಿಡುತ್ತೆ. ಆ ಮನೆಯ ಒಬ್ರು ಅಡುಗೆಮನೇಲೇ ಬಾಟಲ್ ತೆಗೆದು, ಬಣ್ಣ ಕಾಣೋ ಗಾಜಿನ ಗ್ಲಾಸ್‌ಗೆ ಅರವತ್ತು ಎಪ್ಪತ್ತು ಎಂ.ಎಲ್. ಹಾಕಿ, ನಂಬರ್ ಅಂಟಿಸಿ ತರ್ಲಿ. ಯಾರದ್ದು ಅಂತ ಹೇಳೋದು ಬೇಡ. ಮೊದಲ ಹತ್ತು ನಿಮಿಷ ಮಾತಾಡೋದೇ ಬೇಡ, ಬರೀರಿ. ಒಬ್ರು "ಆಹಾ" ಅಂದ್ರೆ ಉಳಿದವ್ರ ಪೆನ್ ಆ ಕಡೆಗೇ ವಾಲುತ್ತೆ. ಬರೆದು ಮುಗಿಯೋ ತನಕ ಪಂದಿ ಕರಿ ಒಳಗೇ ಇರ್ಲಿ, ಕಾಚಂಪುಳಿ ಅನ್ನೋ ಹುಳಿರಸ ಒಂದ್ಸಲ ನಾಲಿಗೆಗೆ ತಾಗಿದ್ರೆ ಆಮೇಲೆ ಯಾವ ಬಿಯರ್ರೂ ಗೊತ್ತಾಗಲ್ಲ. ಮಧ್ಯೆ ಮಧ್ಯೆ ಬಾಯಿ ತೊಳ್ಕೊಳ್ಳೋಕೆ ನೀರು, ಬರೀ ಅಕ್ಕಿ ರೊಟ್ಟಿ ಚೂರು ಸಾಕು.

ನಾಲಿಗೆ ಪಳಗಿಸೋಕೆ ತಿಂಗಳಿಗೆ ಒಂದು ತಪ್ಪು ತಗೊಳ್ಳಿ. ಅಂಗಡಿಯ ಸಾದಾ ಲಾಗರ್ ಬಿಯರ್‌ಗೆ ಬೇಕರಿಯವ್ರು ಹಾಕೋ ಬೆಣ್ಣೆ ಎಸೆನ್ಸ್ ಒಂದೆರಡು ಹನಿ ಬೆರೆಸಿ, ಬೆರೆಸದೆ ಇರೋದರ ಪಕ್ಕ ಇಡಿ. ಹಸಿರು ಬಾಟಲ್ ಬಿಯರ್ ಒಂದನ್ನ ಬಿಸಿಲಲ್ಲಿ ಒಂದು ಮಧ್ಯಾಹ್ನ ಇಟ್ಟು ಆಮೇಲೆ ತಣ್ಣಗೆ ಮಾಡಿ ತೆಗೀರಿ, ಬೆಳಕು ತಾಗಿ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡೋ ಹೂವು) ಕೆಟ್ಟು ಬರೋ ನಾತ ಏನು ಅಂತ ಮತ್ತೆ ಜನ್ಮದಲ್ಲಿ ಮರೆಯಲ್ಲ, ಕಂದು ಬಾಟಲ್ ಯಾಕೆ ಅಂತಲೂ ಗೊತ್ತಾಗುತ್ತೆ. ಹಸಿ ಸೇಬಿನ ವಾಸನೆ ಬಂದ್ರೆ ಅಸಿಟಾಲ್ಡಿಹೈಡ್, ಬೇಯಿಸಿದ ಜೋಳ ಅನ್ನಿಸಿದ್ರೆ ಡಿಎಂಎಸ್ (ಎರಡೂ ಬಿಯರ್‌ನಲ್ಲಿ ಉಳ್ಕೊಳ್ಳೋ ರಾಸಾಯನಿಕ), ಒದ್ದೆ ರಟ್ಟಿನ ಪೆಟ್ಟಿಗೆ ಥರ ಇದ್ರೆ ಗಾಳಿ ಸೇರಿ ಹಳಸಿದೆ, ಆಸ್ಪತ್ರೆ ಬ್ಯಾಂಡೇಜ್ ಥರ ಇದ್ರೆ ನಲ್ಲಿ ನೀರಿನ ಕ್ಲೋರಿನ್ ಮೇಲೆ ಅನುಮಾನ ಪಡಿ. ಮೂರು ಗ್ಲಾಸ್ ಆಟವೂ ಆಡಿ, ಎರಡರಲ್ಲಿ ಒಂದೇ ಬಿಯರ್, ಮೂರನೇದರಲ್ಲಿ ಬೇರೆ, ಬೇರೆ ಯಾವ್ದು ಅಂತ ಹುಡುಕ್ಬೇಕು. ಮೊದಮೊದಲು ಎಲ್ರೂ ತಪ್ಪು ಹೇಳ್ತಾರೆ.

ಗುಂಪು ಇದ್ರೆ ಸಾಮಾನಿನ ಕಷ್ಟವೂ ಕಮ್ಮಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 25 ಕೆ.ಜಿ. ಚೀಲದಲ್ಲಿ ತರಿಸಿ ಹಂಚ್ಕೋಬಹುದು, ಹಾಪ್ಸ್ ಪ್ಯಾಕೆಟ್ ಒಡೆದ್ಮೇಲೆ ಫ್ರೀಜರ್‌ನಲ್ಲೇ ಇರ್ಬೇಕು, ಹಂಗಾಗಿ ಜನರೇಟರ್ ಇರೋ ಮನೇಲಿ ಇಡಿ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಎಷ್ಟು ದಿನ ಅಂತ ಹೇಳೋಕಾಗಲ್ಲ. ಎಲ್ಲವನ್ನೂ ಮೇ ತಿಂಗಳಲ್ಲೇ ತರಿಸ್ಕೊಳ್ಳಿ. ಇನ್ನೊಂದು, ಎಲ್ರ ಮನೆ ನೀರನ್ನೂ ಅಳೆದು ಬರೆದಿಡಿ. ಆರ್‌ಓ ಸರ್ವಿಸ್ ಹುಡುಗನ ಜೇಬಲ್ಲಿ ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಇದ್ದೇ ಇರುತ್ತೆ. ನಮ್ಮ ಗುಂಪಲ್ಲಿ ಬೆಟ್ಟದ ಮೇಲಿನ ಮನೆಯ ಬಾವಿ ನೀರು ತುಂಬಾ ಮೆದು, ಕುಶಾಲನಗರ ಕಡೆಯ ಬೋರ್‌ವೆಲ್ ನೀರು ಗಡಸು, ಒಂದೇ ರೆಸಿಪಿ ಎರಡು ಕಡೆ ಎರಡು ಬಿಯರ್ ಆಗುತ್ತೆ. ಜೆಕ್ ದೇಶದ ಪಿಲ್ಸೆನ್ ಊರಿನ ಮೆದು ನೀರಿಗೆ ತಿಳಿ ಲಾಗರ್ ಹೊಂದಿದ್ದು, ಇಂಗ್ಲೆಂಡಿನ ಬರ್ಟನ್ ಊರಿನ ಜಿಪ್ಸಮ್ ನೀರಿಗೆ ಕಹಿ ಏಲ್ ಹೊಂದಿದ್ದು ಇದೇ ಕಾರಣಕ್ಕೆ.

ಊರಾಚೆ ಜನ ಬೇಕು ಅಂದ್ರೆ ಹತ್ರ ಇರೋದು ಬೆಂಗಳೂರೇ. ಅಲ್ಲಿ ಬೆಂಗಳೂರು ಬ್ರೂ ಕ್ರೂ ಅನ್ನೋ ಹೋಂಬ್ರೂವರ್‌ಗಳ ಗುಂಪು ಇದೆ. ಇಂದಿರಾನಗರದ ಟಾಯ್ಟ್, ಮ್ಯಾಗ್ರಾತ್ ರಸ್ತೆಯ ಆರ್ಬರ್ ಥರದ ಮೈಕ್ರೋಬ್ರೂವರಿಗಳಿಗೆ ಹೋದಾಗ ಸುಮ್ನೆ ಕುಡಿದು ಎದ್ದು ಬರ್ಬೇಡಿ, ಗದ್ದಲ ಇಲ್ಲದ ವಾರದ ದಿನ ಮಧ್ಯಾಹ್ನ ಹೋಗಿ ಬ್ರೂವರ್ ಇದ್ದಾರಾ ಅಂತ ಕೇಳಿ. ಒಂದು ನಿರ್ದಿಷ್ಟ ಪ್ರಶ್ನೆ ಇಟ್ಕೊಂಡು ಹೋಗಿ, "ನಿಮ್ಮ ವಿಟ್‌ಬಿಯರ್‌ಗೆ ಕೊತ್ತಂಬರಿ ಬೀಜ ಯಾವಾಗ ಹಾಕ್ತೀರಿ" ಅನ್ನೋ ಥರ (ವಿಟ್‌ಬಿಯರ್ ಅಂದ್ರೆ ಬೆಲ್ಜಿಯಂ ಕಡೆಯ ಗೋಧಿ ಬಿಯರ್). ಬ್ರೂವರ್‌ಗಳು ಇಂಥ ಪ್ರಶ್ನೆಗೆ ಅರ್ಧ ಗಂಟೆ ನಿಂತು ಮಾತಾಡ್ತಾರೆ, ನನ್ನ ಅನುಭವದಲ್ಲಿ ಯಾರೂ ಮುಖ ತಿರುಗಿಸಿಲ್ಲ. ಹೋಗೋವಾಗ ತೋಟದ ಕಾಳುಮೆಣಸೋ ಏಲಕ್ಕಿಯೋ ಒಂದು ಪೊಟ್ಟಣ ತಗೊಂಡು ಹೋಗಿ, ಬ್ರೂವರಿಯವ್ರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಇನ್ನು ಸ್ಪರ್ಧೆ. ಮೊದಲ ಸಲ ಬಿಯರ್ ಕಳಿಸೋಕೆ ಮುಂಚೆ ಸ್ಟೂವರ್ಡ್ ಆಗಿ ಕೆಲಸ ಮಾಡಿ ಅಂತ ನಾನು ಎಲ್ರಿಗೂ ಹೇಳ್ತೀನಿ. ಸ್ಟೂವರ್ಡ್ ಅಂದ್ರೆ ಬಾಟಲ್ ತಂದು ಕೊಡೋದು, ಗ್ಲಾಸ್ ಬದಲಾಯಿಸೋದು, ಜಡ್ಜ್‌ಗಳು ಅಂಕ, ಟಿಪ್ಪಣಿ ಬರೆದ ಶೀಟ್ ಸೇರಿಸಿಡೋದು. ಸಂಘಟಕರಿಗೆ ಯಾವಾಗ್ಲೂ ಕೈ ಕಮ್ಮಿ ಇರುತ್ತೆ, ಕೇಳಿದ್ರೆ ಬನ್ನಿ ಅಂತಾರೆ. ಜಡ್ಜ್‌ಗಳು ಪಕ್ಕದಲ್ಲೇ ಕೂತು ಮಾತಾಡೋದು ಕಿವಿಗೆ ಬೀಳುತ್ತೆ, ಒಂದು ದಿನದಲ್ಲಿ ಒಂದು ವರ್ಷದ ಪಾಠ.

ಹೆಚ್ಚಿನ ಕಡೆ ಬಿಜೆಸಿಪಿ ಪದ್ಧತಿ ನಡೆಯುತ್ತೆ, ಅಂದ್ರೆ 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ. ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗೋ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರೇ ನೋಡಿ, ಮಬ್ಬಾಗಿದೆ ಅಂತ ತಲೆ ಕೆಡಿಸ್ಕೊಳ್ಳೋರು ಅದೇ ಚಿಂತೆನ ವಾಸನೆ ಕಡೆ ತಿರುಗಿಸ್ಲಿ. 21ರಿಂದ 29 ಅಂದ್ರೆ ಒಳ್ಳೇದು, 30ರಿಂದ 37 ತುಂಬಾ ಒಳ್ಳೇದು, 38ರಿಂದ ಮೇಲೆ ಅತ್ಯುತ್ತಮ, 45 ದಾಟೋದು ಅಪರೂಪ. ಶಾಲೆ ಮಾರ್ಕ್ಸ್ ಲೆಕ್ಕದಲ್ಲಿ 27 ನೋಡಿ ಎದೆ ಒಡ್ಕೋಬೇಡಿ.

ಸ್ಪರ್ಧೇಲಿ ಅರ್ಧ ಸೋಲು ಫಾರ್ಮ್ ತುಂಬೋವಾಗ್ಲೇ ಆಗುತ್ತೆ. ಜಡ್ಜ್ ಕೇಳೋದು "ಚೆನ್ನಾಗಿದೆಯಾ" ಅಂತ ಅಷ್ಟೇ ಅಲ್ಲ, "ನೀವು ಬರೆದಿರೋ ಶೈಲಿಗೆ ಸರಿಯಾಗಿದೆಯಾ" ಅಂತ. ಬಿಜೆಸಿಪಿಯ 2021ರ ಸ್ಟೈಲ್ ಗೈಡ್‌ಲೈನ್ಸ್ ದುಡ್ಡಿಲ್ದೆ ಸಿಗುತ್ತೆ, ನಿಮ್ಮ ಬಿಯರ್ ಪಕ್ಕ ಇಟ್ಕೊಂಡು ಒಂದೊಂದೇ ವಾಕ್ಯ ಓದಿ. ಕಾಫಿ ಸ್ಟೌಟ್ ಮಾಡಿದ್ರೆ ಅದು ಸ್ಟೌಟ್ ವಿಭಾಗಕ್ಕೆ ಹೋಗಲ್ಲ, 30ಎ, ಮಸಾಲೆ-ಸೊಪ್ಪು-ತರಕಾರಿ ಬಿಯರ್‌ಗೆ ಹೋಗುತ್ತೆ, ಕಾಫಿ ಅಲ್ಲೇ ಲೆಕ್ಕ. ಪ್ಯಾಶನ್ ಫ್ರೂಟ್ ಹಾಕಿದ ಗೋಧಿ ಬಿಯರ್ 29ಎ, ಹಣ್ಣಿನ ಬಿಯರ್. ಅಂದಹಾಗೆ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಿಂದ ಬಂದ ಕಾವೇರಿ ಅನ್ನೋ ಪ್ಯಾಶನ್ ಫ್ರೂಟ್ ತಳಿ ನಿಮ್ಮ ಬೇಲಿ ಮೇಲೆ ಇದ್ರೆ ಅದನ್ನ ಬಿಡ್ಬೇಡಿ, ಅಂಥ ಹಣ್ಣಿಗೆ ಬೆಂಗಳೂರಿನ ಬ್ರೂವರ್‌ಗಳು ಅಂಗಡಿ ಅಂಗಡಿ ಸುತ್ತಬೇಕು. ವಿವರಣೆಯ ಜಾಗದಲ್ಲಿ ಮೂಲ ಶೈಲಿ ಏನು, ಏನು ಸೇರಿಸಿದ್ದೀರಿ ಎರಡನ್ನೂ ಬರೀರಿ, "ಸ್ವೀಟ್ ಸ್ಟೌಟ್, ಅರೇಬಿಕಾ ಕಾಫಿ" ಅಂತ. ಏಲಕ್ಕಿ ಅಂತ ಬರೆದ್ರೆ ಏಲಕ್ಕಿ ಸಿಗ್ಲೇಬೇಕು, ಸಿಗ್ದೆ ಇದ್ರೆ ಅಂಕ ಹೋಗುತ್ತೆ. ಇದ್ದೂ ಇಲ್ಲದ ಹಾಗೆ ಇದ್ರೆ ಬರೆಯೋದೇ ಬೇಡ.

ದಿನ ಲೆಕ್ಕ ಹಿಂದಿನಿಂದ ಹಾಕಿ. ಸ್ಟೌಟ್‌ಗೆ ಹುದುಗೋಕೆ ಎರಡು ವಾರ, ಬಾಟಲ್‌ನಲ್ಲಿ ಮೂರು ವಾರ, ಕೆಟ್ರೆ ಇನ್ನೊಂದ್ಸಲ ಮಾಡೋಕೆ ಸಮಯ, ಅಂದ್ರೆ ಎರಡೂವರೆ ಮೂರು ತಿಂಗಳು ಮುಂಚೆ ಶುರು. ಹಾಪ್ಸ್ ಜಾಸ್ತಿ ಹಾಕೋ ಐಪಿಎ (ಇಂಡಿಯಾ ಪೇಲ್ ಏಲ್) ಹಾಗಲ್ಲ, ಹಾಪ್ಸ್ ಪರಿಮಳ ವಾರ ವಾರಕ್ಕೂ ಇಳಿಯುತ್ತೆ, ಆದಷ್ಟು ಹೊಸದಾಗಿ ಹೋಗ್ಬೇಕು. ಬಾಟಲ್ ಸಾಮಾನ್ಯವಾಗಿ 330 ಎಂ.ಎಲ್. ಆಸುಪಾಸಿನ ಕಂದು ಬಾಟಲ್, ಮೇಲೆ ಯಾವ ಲೇಬಲ್ಲೂ ಗುರುತೂ ಇರ್ಬಾರ್ದು, ಎಂಟ್ರಿ ಚೀಟಿನ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟೋದು. ಹೆಚ್ಚಾಗಿ ಎರಡು ಮೂರು ಬಾಟಲ್ ಕೇಳ್ತಾರೆ, ಒಂದನ್ನ ಮನೇಲಿ ಇಟ್ಕೊಳ್ಳಿ, ಶೀಟ್ ಬಂದ ದಿನ ಅದನ್ನ ಓಪನ್ ಮಾಡಿ ಶೀಟ್ ಓದ್ತಾ ಕುಡೀಬೇಕು. ತಲುಪಿಸೋದು ಹೇಗೆ, ಪರವಾನಗಿ ವಿಚಾರ ಏನು ಅಂತ ಸಂಘಟಕರ ಹತ್ರ ಮೊದ್ಲೇ ಬಾಯಿ ಬಿಟ್ಟು ಕೇಳಿ. ಅಂಚೇಲಿ ಮದ್ಯ ಕಳಿಸೋ ಹಾಗಿಲ್ಲ, ಕೊರಿಯರ್‌ನವ್ರಿಗೆ "ಜೇನುತುಪ್ಪ" ಅಂತ ಸುಳ್ಳು ಬರೆದು ಕಳ್ಸೋರೂ ಇದ್ದಾರೆ, ಆ ಕೆಲಸ ಮಾಡ್ಬೇಡಿ, ಸಿಕ್ಕಿಬಿದ್ರೆ ಸ್ಪರ್ಧೆ ನಡೆಸೋರಿಗೂ ತೊಂದ್ರೆ.

ನನ್ನ ಮೊದಲ ಎಂಟ್ರಿಗೆ 27 ಬಂತು. ಇಬ್ರು ಜಡ್ಜ್, ಇಬ್ರೂ "ಬೆಣ್ಣೆ" ಅಂತ ಬರೆದಿದ್ರು. ಅದು ನಾನಿನ್ನೂ ಬೆಂಗಳೂರಲ್ಲಿ ಇದ್ದಾಗ, ಶೀಟ್ ನೋಡಿ ಬೇಜಾರಾಗಿ ಡ್ರಾಯರ್‌ಗೆ ಹಾಕಿ ಮುಚ್ಚಿಟ್ಟಿದ್ದೆ, ಅರ್ಥವೇ ಮಾಡ್ಕೊಂಡಿರ್ಲಿಲ್ಲ. ಅಂಕಲ್ ಚಮಚದಲ್ಲಿ ಹೇಳಿದ ದಿನ ಆ ಶೀಟ್ ಹುಡುಕಿ ತೆಗೆದು ಓದಿದೆ, ಅದೇ ಮಾತು. ಶೀಟ್ ಬಂದ ದಿನವೇ ನಿಮ್ಮ ಗುಂಪಿನ ಮುಂದೆ ಜೋರಾಗಿ ಓದಿ. ಇಬ್ರು ಜಡ್ಜ್ ಒಂದೇ ಮಾತು ಬರೆದಿದ್ರೆ ಅದನ್ನ ಮೊದ್ಲು ಸರಿ ಮಾಡಿ, ಒಬ್ರೇ ಬರೆದಿದ್ರೆ ಮುಂದಿನ ಸಲ ಗಮನ ಇಡಿ.

ಈ ದಾರೀಲಿ ಇನ್ನೂ ಮುಂದೆ ಹೋಗೋ ಮನಸ್ಸಿದ್ರೆ ಜಡ್ಜ್ ಪರೀಕ್ಷೆನೇ ಬರೀಬಹುದು. ಮೊದ್ಲು ಆನ್‌ಲೈನ್‌ನಲ್ಲಿ ಒಂದು ಗಂಟೇಲಿ 180 ಪ್ರಶ್ನೆ, ಪಾಸಾದ್ರೆ ರುಚಿ ಪರೀಕ್ಷೆ, ಒಂದೂವರೆ ಗಂಟೇಲಿ ಆರು ಬಿಯರ್‌ಗೆ ಪೂರ್ತಿ ಶೀಟ್ ಬರೀಬೇಕು. ನಮ್ಮ ಅಂಕಲ್‌ಗೆ ಇದನ್ನ ಹೇಳಿದೆ, "ಆರು ಬಿಯರ್‌ಗೆ ಒಂದೂವರೆ ಗಂಟೆ ಯಾಕೆ ಬೇಕು?" ಅಂದ್ರು. ಈಗ ಮನೇಲಿ ಕೂತು ಗೈಡ್‌ಲೈನ್ಸ್ ಓದ್ತಾ ಇದ್ದಾರೆ, ಇಂಗ್ಲಿಷಲ್ಲಿ ತಿಳೀದೆ ಇರೋ ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಭಾನುವಾರ ತಂದು ಕೇಳ್ತಾರೆ. ಹೋದ ವಾರ "ಬಿಸ್ಕತ್ತಿನ ಥರ ಮಾಲ್ಟ್" ಅಂದ್ರೆ ಯಾವ ಬಿಸ್ಕತ್ತು ಅಂತ ಕೇಳಿದ್ರು, ಅಂಗಡಿಯಿಂದ ನಾಲ್ಕು ಥರ ತರಿಸಿ, ಒಂದೊಂದೇ ಮುರಿದು ಮೂಸಿ ನೋಡ್ತಾ ಕೂತ್ವಿ.